ಅನ್ನ ಬಿಟ್ಟು ಮುದ್ದೆ ಹಿಡಿದರೆ ಸಾಕೇ? ಹೊಸದಾಗಿ ಮಧುಮೇಹ ಪತ್ತೆಯಾದವರ ಪ್ರಶ್ನೆಗೆ ವೈದ್ಯರ ಉತ್ತರ

ಪ್ರಶ್ನೆ: ನನಗೆ 46 ವರ್ಷ. ತುಮಕೂರು ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕನಾಗಿದ್ದೇನೆ. ಕಳೆದ ತಿಂಗಳು ರಕ್ತ ಪರೀಕ್ಷೆ ಮಾಡಿಸಿದಾಗ ಸಕ್ಕರೆ ಖಾಲಿ ಹೊಟ್ಟೆಯಲ್ಲಿ 162, ಊಟವಾದ ಎರಡು ಗಂಟೆಗೆ 254, ಹಿಂದಿನ ಎರಡು ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 8.2 ಎಂದು ಬಂದಿತು. ಎತ್ತರ 168 ಸೆಂ.ಮೀ., ತೂಕ 78 ಕೆ.ಜಿ. ವೈದ್ಯರು ಮೆಟ್‌ಫಾರ್ಮಿನ್ 500 ಮಿ.ಗ್ರಾಂ. ಮಾತ್ರೆಯನ್ನು ಎರಡು ಹೊತ್ತಿಗೆ ಬರೆದುಕೊಟ್ಟಿದ್ದಾರೆ. ಒಮ್ಮೆ ಶುರುಮಾಡಿದರೆ ಜೀವನಪೂರ್ತಿ ಬಿಡಲಾಗದು, ಕಿಡ್ನಿ ಹಾಳಾಗುತ್ತದೆ ಎಂದು ನೆಂಟರಿಷ್ಟರೆಲ್ಲ ಹೇಳುವುದರಿಂದ ಇನ್ನೂ ಶುರುಮಾಡಿಲ್ಲ. ಅನ್ನವನ್ನು ಪೂರ್ತಿ ಬಿಟ್ಟು ಎರಡು ಹೊತ್ತೂ ಎರಡೆರಡು ರಾಗಿ ಮುದ್ದೆ ಊಟ ಮಾಡುತ್ತಿದ್ದೇನೆ. ಸಕ್ಕರೆಯ ಬದಲು ಬೆಲ್ಲ, ಬೆಳಿಗ್ಗೆ ಹಾಗಲಕಾಯಿ ರಸ. ಮೂರು ವಾರ ಕಳೆದರೂ ಖಾಲಿ ಹೊಟ್ಟೆಯ ಸಕ್ಕರೆ 150ರ ಆಸುಪಾಸಿನಲ್ಲೇ ಇದೆ. ರಾತ್ರಿ ಊಟ ಬಿಟ್ಟ ದಿನವೂ ಇಳಿಯಲಿಲ್ಲ. ತಾಯಿಗೆ ಇದೇ ಕಾಯಿಲೆಯಿಂದ ಕಾಲ್ಬೆರಳು ತೆಗೆಯಬೇಕಾಯಿತು, ಆ ಭಯ ಬಿಡುತ್ತಿಲ್ಲ. ಮಾತ್ರೆಯಿಲ್ಲದೆ, ಜೀವನಶೈಲಿಯ ಬದಲಾವಣೆಯಿಂದಲೇ ಇದನ್ನು ಹತೋಟಿಗೆ ತರಬಹುದೇ?

ಉತ್ತರ: ಕಾಯಿಲೆ ಪತ್ತೆಯಾದ ಮೊದಲ ಕೆಲವು ವರ್ಷಗಳಲ್ಲಿ, ಅದರಲ್ಲೂ ನಿಮ್ಮಂತೆ ತೂಕ ಹೆಚ್ಚಿರುವವರಲ್ಲಿ, ಊಟ ಮತ್ತು ದೈಹಿಕ ಚಟುವಟಿಕೆಯ ಬದಲಾವಣೆಯಿಂದ ಎರಡನೇ ಬಗೆಯ ಮಧುಮೇಹವನ್ನು ಬಹಳಷ್ಟು ಮಟ್ಟಿಗೆ ಹತೋಟಿಗೆ ತರಬಹುದು, ಕೆಲವರನ್ನು ಮಾತ್ರೆಯೇ ಬೇಡದ ಹಂತಕ್ಕೂ ತರಬಹುದು. ಆದರೆ ನೀವು ಈ ಮೂರು ವಾರ ಮಾಡಿರುವುದರಿಂದ ಅದು ಆಗುವುದಿಲ್ಲ. ಅನ್ನದ ಜಾಗಕ್ಕೆ ಮುದ್ದೆ ಬಂದಿದೆ, ಸಕ್ಕರೆಯ ಜಾಗಕ್ಕೆ ಬೆಲ್ಲ ಬಂದಿದೆ, ದೇಹಕ್ಕೆ ಹೋಗುವ ಪಿಷ್ಟದ ಪ್ರಮಾಣ ಮಾತ್ರ ಹೆಚ್ಚುಕಡಿಮೆ ಮೊದಲಿನಷ್ಟೇ ಉಳಿದಿದೆ. ಮಾತ್ರೆಯನ್ನು ಮುಂದೂಡಿದ್ದರಿಂದಲೂ ನಿಮಗೆ ಯಾವ ಅನುಕೂಲವೂ ಆಗಿಲ್ಲ. ಅದು ಏಕೆಂದು ಮುಂದೆ ವಿವರಿಸುತ್ತೇನೆ.

ರೋಗನಿರ್ಣಯದ ಬಗ್ಗೆ ಅನುಮಾನಕ್ಕೆ ಎಡೆಯಿಲ್ಲ. ಖಾಲಿ ಹೊಟ್ಟೆಯ ಸಕ್ಕರೆ ಒಂದು ಡೆಸಿಲೀಟರ್ ರಕ್ತದಲ್ಲಿ 126 ಮಿ.ಗ್ರಾಂ. ಮುಟ್ಟಿದರೆ, ಎಚ್‌ಬಿಎ1ಸಿ 6.5 ಮುಟ್ಟಿದರೆ ಅದನ್ನು ಮಧುಮೇಹವೆನ್ನುತ್ತೇವೆ, ನಿಮ್ಮಲ್ಲಿ ಎರಡೂ ದಾಟಿವೆ. ನಿಮ್ಮ ಎತ್ತರ ಮತ್ತು ತೂಕದಿಂದ ಲೆಕ್ಕ ಹಾಕಿದರೆ ದೇಹತೂಕ ಸೂಚ್ಯಂಕ, ಅಂದರೆ ಬಿಎಂಐ, 27.6 ಆಗುತ್ತದೆ. ಯುರೋಪಿನವರ ಅಳತೆಗೋಲಿನಲ್ಲಿ ಇದು ಕೇವಲ ‘ಸ್ವಲ್ಪ ದಪ್ಪ’. ಆದರೆ ಭಾರತೀಯರಿಗೆ 23ರಿಂದಲೇ ಅಧಿಕ ತೂಕ, 25ರಿಂದ ಸ್ಥೂಲಕಾಯ ಎಂದು ಎಣಿಸಬೇಕೆಂಬುದು ಈಗ ನಮ್ಮಲ್ಲಿ ಒಪ್ಪಿತವಾಗಿದೆ, ಏಕೆಂದರೆ ಅಷ್ಟೇ ತೂಕದ ಯುರೋಪಿಯನ್ನರಿಗಿಂತ ನಮ್ಮಲ್ಲಿ ಸ್ನಾಯು ಕಡಿಮೆ, ಹೊಟ್ಟೆಯೊಳಗಿನ ಕೊಬ್ಬು ಹೆಚ್ಚು. ಅಳತೆಪಟ್ಟಿ ಹಿಡಿದು ಹೊಕ್ಕುಳಿನ ಮಟ್ಟದಲ್ಲಿ ಸೊಂಟದ ಸುತ್ತಳತೆ ನೋಡಿಕೊಳ್ಳಿ. ನಮ್ಮ ಗಂಡಸರಲ್ಲಿ ಅದು 90 ಸೆಂ.ಮೀ. ಮತ್ತು ಹೆಂಗಸರಲ್ಲಿ 80 ಸೆಂ.ಮೀ. ಒಳಗಿರಬೇಕು. ಪ್ಯಾಂಟಿನ ಅಳತೆಯನ್ನು ನಂಬಬೇಡಿ, ನಾವು ಪ್ಯಾಂಟು ಕಟ್ಟುವುದು ಹೊಟ್ಟೆಯ ಕೆಳಗೆ.

ರಾತ್ರಿ ಊಟ ಬಿಟ್ಟರೂ ಬೆಳಗಿನ ಸಕ್ಕರೆ ಏಕೆ ಇಳಿಯಲಿಲ್ಲ ಎಂಬುದನ್ನು ಅರಿತರೆ ಕಾಯಿಲೆಯ ಮೂಲವೇ ಅರ್ಥವಾಗುತ್ತದೆ. ನಾವು ಏನೂ ತಿನ್ನದ ಹೊತ್ತಿನಲ್ಲಿ ಮೆದುಳಿಗೆ ಬೇಕಾದ ಗ್ಲುಕೋಸನ್ನು ಒದಗಿಸುವುದು ಯಕೃತ್ತಿನ ಕೆಲಸ; ಅದೊಂದು ಉಗ್ರಾಣವಿದ್ದಂತೆ. ಎಷ್ಟು ಬಿಡಬೇಕು, ಯಾವಾಗ ನಿಲ್ಲಿಸಬೇಕು ಎಂಬ ಅಪ್ಪಣೆ ಬರುವುದು ಇನ್ಸುಲಿನ್‌ನಿಂದ. ವರ್ಷಾನುಗಟ್ಟಲೆ ಬೇಕಾದುದಕ್ಕಿಂತ ಹೆಚ್ಚು ತಿಂದಾಗ ಯಕೃತ್ತಿನಲ್ಲಿ ಕೊಬ್ಬು ಸೇರಿಕೊಳ್ಳುತ್ತದೆ ಮತ್ತು ಕೊಬ್ಬು ತುಂಬಿದ ಯಕೃತ್ತು ಇನ್ಸುಲಿನ್‌ನ ಮಾತು ಕೇಳುವುದನ್ನು ಕಡಿಮೆ ಮಾಡುತ್ತದೆ. ಆದುದರಿಂದ ನೀವು ಮಲಗಿದ್ದಾಗಲೂ ಅದು ಸಕ್ಕರೆಯನ್ನು ಬಿಡುತ್ತಲೇ ಇರುತ್ತದೆ, ಬೆಳಗಿನ ಜಾವ ಇನ್ನೂ ಹೆಚ್ಚು ಬಿಡುತ್ತದೆ. ಇದರೊಂದಿಗೆ ಇನ್ಸುಲಿನ್ ತಯಾರಿಸುವ ಮೇದೋಜೀರಕ ಗ್ರಂಥಿಯ ಬೀಟಾ ಕಣಗಳೂ ನಿಧಾನವಾಗಿ ಸೋಲುತ್ತ ಬರುತ್ತವೆ. ನಿಮ್ಮ ಬೆಳಗಿನ 150 ನಿನ್ನೆ ರಾತ್ರಿಯ ಊಟದ ಲೆಕ್ಕವನ್ನು ಹೇಳುತ್ತಿಲ್ಲ, ಯಕೃತ್ತಿನ ಸ್ಥಿತಿಯನ್ನು ಹೇಳುತ್ತಿದೆ. ಒಂದು ರಾತ್ರಿಯ ಉಪವಾಸದಿಂದ ಅದು ಸರಿಹೋಗದು. ಕೆಲವು ಕಿಲೋ ತೂಕ ಇಳಿದರೆ ಸರಿಹೋಗುತ್ತದೆ, ಏಕೆಂದರೆ ತೂಕ ಇಳಿಯಲಾರಂಭಿಸಿದಾಗ ಮೊದಲು ಕರಗುವ ಕೊಬ್ಬುಗಳಲ್ಲಿ ಯಕೃತ್ತಿನ ಕೊಬ್ಬೂ ಒಂದು.

ಇದು ಬರೀ ಊಹೆಯಲ್ಲ. ಬ್ರಿಟನ್ನಿನ ನ್ಯೂಕ್ಯಾಸಲ್‌ನ ರಾಯ್ ಟೇಲರ್ ಮತ್ತು ಗ್ಲಾಸ್ಗೋದ ಮೈಕ್ ಲೀನ್ ಅವರ ನೇತೃತ್ವದಲ್ಲಿ ನಡೆದ ‘ಡೈರೆಕ್ಟ್’ ಎಂಬ ಅಧ್ಯಯನದ ಮೊದಲ ವರ್ಷದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಕಾಯಿಲೆ ಪತ್ತೆಯಾಗಿ ಆರು ವರ್ಷದೊಳಗಿದ್ದ, ಇನ್ಸುಲಿನ್ ಚುಚ್ಚಿಕೊಳ್ಳದಿದ್ದವರಿಗೆ ಮೂರರಿಂದ ಐದು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲೊರಿಯ ದ್ರವಾಹಾರ ಕೊಟ್ಟು, ಆಮೇಲೆ ಮಾಮೂಲಿ ಊಟಕ್ಕೆ ನಿಧಾನವಾಗಿ ತರಲಾಯಿತು. ಒಂದು ವರ್ಷದ ಕೊನೆಗೆ ಅವರಲ್ಲಿ ಶೇ 46ರಷ್ಟು ಮಂದಿ ಯಾವ ಮಾತ್ರೆಯೂ ಇಲ್ಲದೆ ಮಧುಮೇಹದ ಗಡಿಯಿಂದ ಕೆಳಗಿದ್ದರು. ಎರಡು ವರ್ಷಕ್ಕೆ ಈ ಪ್ರಮಾಣ ಶೇ 36ಕ್ಕೆ ಇಳಿಯಿತು. ಇದರಲ್ಲಿ ಗಮನಿಸಬೇಕಾದುದು ತೂಕಕ್ಕೂ ಫಲಕ್ಕೂ ಇರುವ ನಂಟು. ಹದಿನೈದು ಕಿಲೋ ಅಥವಾ ಅದಕ್ಕಿಂತ ಹೆಚ್ಚು ಇಳಿಸಿದವರಲ್ಲಿ ಶೇ 86ರಷ್ಟು ಮಂದಿಗೆ ಇದು ಸಾಧ್ಯವಾಯಿತು, ಐದರಿಂದ ಹತ್ತು ಕಿಲೋ ಇಳಿಸಿದವರಲ್ಲಿ ಸುಮಾರು ಮೂರನೇ ಒಂದು ಪಾಲಿಗೆ ಮಾತ್ರ. ಅವರ ಸರಾಸರಿ ತೂಕ ಸುಮಾರು ನೂರು ಕಿಲೋ ಇತ್ತೆಂಬುದನ್ನೂ ಮರೆಯಬಾರದು. ಅದೇ ಅನುಪಾತದಲ್ಲಿ ಎಣಿಸಿದರೆ ನೀವು 78ರಿಂದ 70 ಕಿಲೋಗೆ ಬರುವುದನ್ನು ಮೊದಲ ಗುರಿಯಾಗಿಯೂ, 67-68ನ್ನು ಮುಂದಿನ ಗುರಿಯಾಗಿಯೂ ಇಟ್ಟುಕೊಳ್ಳಬಹುದು. ಅಂಥ ಕಟ್ಟುನಿಟ್ಟಿನ ದ್ರವಾಹಾರವನ್ನು ಮನೆಯಲ್ಲಿ ನೀವಾಗಿಯೇ ಮಾಡಿಕೊಳ್ಳಬೇಡಿ, ಅದು ವೈದ್ಯರ ಕಣ್ಗಾವಲಿನಲ್ಲಿ ನಡೆಯಬೇಕಾದ ಚಿಕಿತ್ಸೆ. ತಿಂಗಳಿಗೆ ಒಂದೂವರೆ ಎರಡು ಕಿಲೋದಂತೆ ಆರು ತಿಂಗಳಲ್ಲಿ ಇಳಿದರೂ ಗುರಿ ತಲುಪಿದಂತೆಯೇ.

ಈಗ ಮುದ್ದೆಯ ವಿಚಾರ. ಹಳೆಯ ಮೈಸೂರು ಸೀಮೆಯಲ್ಲಿ ‘ಶುಗರ್’ ಬಂತೆಂದರೆ ಮೊದಲು ಸಿಗುವ ಸಲಹೆ ‘ಅನ್ನ ಬಿಡಿ, ಮುದ್ದೆ ತಿನ್ನಿ’ ಎಂಬುದೇ. ರಾಗಿ ಒಳ್ಳೆಯ ಧಾನ್ಯವೆಂಬುದರಲ್ಲಿ ತಕರಾರಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ. ಕ್ಯಾಲ್ಸಿಯಂ ಇದೆ, ನಾರಿನಂಶ ಪಾಲಿಶ್ ಮಾಡಿದ ಅಕ್ಕಿಗಿಂತ ಹಲವು ಪಟ್ಟು ಹೆಚ್ಚು. ಆದರೆ ಅದೇ ನೂರು ಗ್ರಾಂನಲ್ಲಿ 65ರಿಂದ 70 ಗ್ರಾಂನಷ್ಟು ಪಿಷ್ಟವೂ ಇದೆ. ಅಕ್ಕಿಯಲ್ಲಿ ಅದು ಸುಮಾರು 78 ಗ್ರಾಂ. ವ್ಯತ್ಯಾಸ ನಾವು ಅಂದುಕೊಂಡಷ್ಟು ದೊಡ್ಡದಲ್ಲ. ಒಂದು ದಿನ ಮನೆಯವರಿಗೆ ಹೇಳಿ, ಎಸರಿಗೆ ಹಾಕುವ ಹಿಟ್ಟನ್ನು ತೂಕ ಮಾಡಿಸಿ ನೋಡಿ. ಮಧ್ಯಮ ಗಾತ್ರದ ಒಂದು ಮುದ್ದೆಗೆ 80ರಿಂದ 100 ಗ್ರಾಂ ಹಿಟ್ಟು ಹೋಗುತ್ತದೆ. ನೀವು ದಿನಕ್ಕೆ ನಾಲ್ಕು ಮುದ್ದೆ ಉಣ್ಣುತ್ತೀರಿ, ಅಂದರೆ ಬರೀ ಮುದ್ದೆಯಿಂದಲೇ ಸುಮಾರು 240 ಗ್ರಾಂ ಪಿಷ್ಟ. ಕಳೆ ಕೀಳುವ, ಮಣ್ಣು ಹೊರುವ ಮೈಗೆ ಅದು ಸರಿಹೋಗುತ್ತಿತ್ತು; ನಾಲ್ಕು ಪೀರಿಯಡ್ ಪಾಠ ಮಾಡಿ ಬೈಕಿನಲ್ಲಿ ಮನೆಗೆ ಬರುವ ಮೈಗೆ ಹೆಚ್ಚಾಗುತ್ತದೆ. ಮುದ್ದೆಯನ್ನು ಜಗಿಯದೆ ನುಂಗುವ ರೂಢಿ ಬೇರೆ ಇರುವುದರಿಂದ, ಹೊಟ್ಟೆ ತುಂಬಿತೆಂಬ ಸುದ್ದಿ ಮೆದುಳಿಗೆ ಮುಟ್ಟುವ ಮೊದಲೇ ಎರಡನೆಯದು ಮುಗಿದಿರುತ್ತದೆ.

ಹಾಗೆಂದು ಮುದ್ದೆಯನ್ನು ಬಿಡಬೇಕಾಗಿಲ್ಲ, ಅನ್ನವನ್ನೂ ಜೀವಮಾನವಿಡೀ ಬಿಡಬೇಕಾಗಿಲ್ಲ. ಊಟಕ್ಕೆ ಒಂದು ಚಿಕ್ಕ ಮುದ್ದೆ, ಅಂದರೆ ಸುಮಾರು 50 ಗ್ರಾಂ ಹಿಟ್ಟಿನದು, ಅಥವಾ ಅದರ ಬದಲು ಒಂದು ಬಟ್ಟಲು ಅನ್ನ, ಅಥವಾ ಎರಡು ತೆಳು ಚಪಾತಿ ಸಾಕು. ಮೂರರಲ್ಲಿ ಯಾವುದಾದರೂ ಒಂದು; ಮುದ್ದೆಯ ಮೇಲೆ ‘ಸ್ವಲ್ಪ ಅನ್ನ’ ಎಂಬ ರೂಢಿಯೇ ಬಹಳ ಜನರ ಲೆಕ್ಕ ಕೆಡಿಸುವುದು. ತಟ್ಟೆಯಲ್ಲಿ ಉಳಿದ ಜಾಗವನ್ನು ತುಂಬುವುದಕ್ಕೆ ನಿಮ್ಮ ಕಡೆಯ ಅಡುಗೆಯಲ್ಲೇ ದಾರಿಯಿದೆ. ಬಸ್ಸಾರು ಮಾಡುವಾಗ ಹುರುಳಿಕಾಳನ್ನೋ ಅಲಸಂದೆಯನ್ನೋ ದಂಟಿನ ಸೊಪ್ಪಿನೊಡನೆ ಬೇಯಿಸಿ, ಬಸಿದ ಕಟ್ಟಿನಿಂದ ಸಾರು ಮಾಡಿ, ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಹಾಕಿ ಪಲ್ಯ ಮಾಡುತ್ತೀರಿ. ಬಡಿಸುವಾಗ ಸಾರು ತಟ್ಟೆ ತುಂಬ, ಪಲ್ಯ ಮಾತ್ರ ಮೂಲೆಯಲ್ಲಿ ಒಂದು ಚಮಚ. ಪ್ರೊಟೀನು ಮತ್ತು ನಾರು ಇರುವುದೆಲ್ಲ ಆ ಪಲ್ಯದಲ್ಲಿ. ಅದನ್ನು ತಿರುವುಮುರುವು ಮಾಡಿ: ಅರ್ಧ ತಟ್ಟೆ ಸೊಪ್ಪು ತರಕಾರಿ, ಕಾಲು ಭಾಗ ಕಾಳು ಅಥವಾ ಮೊಟ್ಟೆ, ಮೀನು, ಕೋಳಿ, ಉಳಿದ ಕಾಲು ಭಾಗಕ್ಕೆ ಮುದ್ದೆ. ಪಲ್ಯ ಮತ್ತು ಕೋಸಂಬರಿಯನ್ನು ಮೊದಲು ತಿಂದು, ಮುದ್ದೆ ಅಥವಾ ಅನ್ನವನ್ನು ಕೊನೆಗೆ ಉಂಡರೆ ಅದೇ ಊಟದಿಂದ ಸಕ್ಕರೆ ಏರುವುದು ಗಣನೀಯವಾಗಿ ಕಡಿಮೆಯಾಗುತ್ತದೆಂದು ಅಧ್ಯಯನಗಳು ತೋರಿಸಿವೆ. ಬಾಳೆಲೆ ಊಟದಲ್ಲಿ ಕೋಸಂಬರಿ ಪಲ್ಯಗಳನ್ನು ಮೊದಲು ಬಡಿಸುವ ಕ್ರಮ ನಮ್ಮಲ್ಲಿ ಇದ್ದೇ ಇದೆ. ಅನ್ನ ಬರುವ ತನಕ ಅವನ್ನು ಮುಟ್ಟದೆ ಕಾಯುವವರು ನಾವು.

ರಾಗಿಯನ್ನು ಗಂಜಿ, ಅಂಬಲಿ, ಮಾಲ್ಟ್ ಮಾಡಿ ಕುಡಿಯುವುದು ಇನ್ನೊಂದು ತಪ್ಪು ನಂಬಿಕೆ. ನುಣ್ಣಗೆ ಬೀಸಿ ನೀರಾಗಿ ಬೇಯಿಸಿದ ಹಿಟ್ಟು ಬೇಗ ಜೀರ್ಣವಾಗಿ ಬೇಗ ಸಕ್ಕರೆ ಏರಿಸುತ್ತದೆ. ಮೊಳಕೆ ಬರಿಸಿದ ರಾಗಿಯ ಹಿಟ್ಟಿನಲ್ಲಿ ಪಿಷ್ಟ ಆಗಲೇ ಸ್ವಲ್ಪಮಟ್ಟಿಗೆ ಒಡೆದು ಸಕ್ಕರೆಯಾಗಿರುತ್ತದೆ. ಮಕ್ಕಳಿಗೆ ಅದು ಒಳ್ಳೆಯದು, ನಿಮಗಲ್ಲ.

ಬೆಲ್ಲದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅದರಲ್ಲಿ ಬಹುಪಾಲು ಇರುವುದು ಸಕ್ಕರೆಯಲ್ಲಿರುವ ಸುಕ್ರೋಸೇ. ಬಣ್ಣ ಮತ್ತು ಒಂದಿಷ್ಟು ಲವಣಗಳಿಂದ ಅದು ಔಷಧಿಯಾಗದು. ಜೇನುತುಪ್ಪ, ತಾಳೆಬೆಲ್ಲ, ಕಂದು ಸಕ್ಕರೆಗಳಿಗೂ ಇದೇ ಮಾತು. ಶಾಲೆಯ ಸ್ಟಾಫ್ ರೂಮಿನಲ್ಲೂ ಮನೆಯಲ್ಲೂ ಸೇರಿ ದಿನಕ್ಕೆ ನಾಲ್ಕು ಲೋಟ ಕಾಫಿ, ಟೀ ಕುಡಿಯುವವರಾದರೆ, ಲೋಟಕ್ಕೆ ಎರಡು ಚಮಚದಂತೆ 40 ಗ್ರಾಂ ಸಕ್ಕರೆ ಒಳಗೆ ಹೋಗುತ್ತದೆ. ಜೊತೆಯ ಬಿಸ್ಕತ್ತಿನ ಲೆಕ್ಕ ಬೇರೆ. ಮೊದಲ ವಾರ ಒಂದು ಚಮಚಕ್ಕೆ, ಮುಂದಿನ ವಾರ ಅರ್ಧಕ್ಕೆ, ಆಮೇಲೆ ಸಕ್ಕರೆಯಿಲ್ಲದೆ ಕುಡಿಯುವುದನ್ನು ರೂಢಿಸಿಕೊಳ್ಳಿ. ನಾಲಿಗೆ ಒಂದು ತಿಂಗಳೊಳಗೆ ಒಗ್ಗಿಕೊಳ್ಳುತ್ತದೆ. ಹಾಗಲಕಾಯಿ ರಸದಿಂದ ಹೆಚ್ಚೆಂದರೆ ಅಲ್ಪಸ್ವಲ್ಪ ಪರಿಣಾಮವಿದ್ದೀತು, ಅದು ಮಾತ್ರೆಗೆ ಬದಲಿಯಾಗುವಷ್ಟಲ್ಲ. ಕುಡಿದು ಮುಖ ಕಿವುಚುವುದಕ್ಕಿಂತ ಪಲ್ಯ ಮಾಡಿ ತಿನ್ನಿ, ತರಕಾರಿಯಾದರೂ ಹೊಟ್ಟೆಗೆ ಹೋಗುತ್ತದೆ. ಅಮೃತಬಳ್ಳಿಯನ್ನು ದಿನನಿತ್ಯ ಸೇವಿಸಿದವರಲ್ಲಿ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳನ್ನು ನಮ್ಮ ದೇಶದ ವೈದ್ಯರೇ ವರದಿ ಮಾಡಿದ್ದಾರೆ. ಒಳಗೆ ಏನಿದೆಯೆಂದು ತಿಳಿಸದ ‘ಶುಗರ್ ಪುಡಿ’ಗಳ ಸಹವಾಸವಂತೂ ಬೇಡವೇ ಬೇಡ.

ನಿಮ್ಮ ಪತ್ರದಲ್ಲಿ ಬೆಳಗಿನ ತಿಂಡಿಯ ಪ್ರಸ್ತಾಪವೇ ಇಲ್ಲ. ಬಹಳ ಮಂದಿಯಲ್ಲಿ ದಿನದ ಅತಿ ಹೆಚ್ಚಿನ ಸಕ್ಕರೆ ಕಾಣಿಸುವುದು ತಿಂಡಿಯ ಬಳಿಕ. ಚಿತ್ರಾನ್ನ, ಉಪ್ಪಿಟ್ಟು, ಅವಲಕ್ಕಿ, ದೋಸೆ, ಅಕ್ಕಿರೊಟ್ಟಿ ಇವೆಲ್ಲ ಬಹುಮಟ್ಟಿಗೆ ಪಿಷ್ಟವೇ. ಚಟ್ನಿ ಒಂದನ್ನು ಬಿಟ್ಟರೆ ಜೊತೆಗೆ ಬೇರೇನೂ ಇರುವುದಿಲ್ಲ. ಎರಡು ಇಡ್ಲಿಗೆ ಎರಡು ಬಟ್ಟಲು ತರಕಾರಿ ಸಾಂಬಾರು, ಹೆಸರುಕಾಳಿನ ದೋಸೆ, ಕಡಲೆಕಾಳು ಉಸಲಿ, ತಿನ್ನುವವರಾದರೆ ಎರಡು ಮೊಟ್ಟೆ, ಅರ್ಧದಷ್ಟು ಬೀನ್ಸ್ ಕ್ಯಾರೆಟ್ ಸೇರಿದ ಸಣ್ಣ ತಟ್ಟೆ ಉಪ್ಪಿಟ್ಟು, ಹೀಗೆ ಯಾವುದಾದರೂ ಆಗಬಹುದು. ಹಣ್ಣನ್ನು ಹಣ್ಣಾಗಿಯೇ ತಿನ್ನಿ, ರಸ ಮಾಡಬೇಡಿ. ಸೀಬೆ, ಪಪ್ಪಾಯಿ, ನೇರಳೆ, ಕಿತ್ತಳೆ ದಿನಕ್ಕೊಂದು ಪಾಲು ಸಾಕು. ಮಾವಿನ ಕಾಲದಲ್ಲಿ ಊಟದ ಮೇಲೆ ತಿನ್ನದೆ ಸಂಜೆ ಒಂದೆರಡು ಹೋಳು ತಿಂದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ಹಬ್ಬದ ಹೋಳಿಗೆಯೂ ಅಷ್ಟೇ: ಒಂದನ್ನು ತಿನ್ನಿ, ಆ ಊಟದಲ್ಲಿ ಅನ್ನವನ್ನು ಬಿಡಿ, ಊಟವಾದ ಮೇಲೆ ನಡೆಯಿರಿ. ಹಬ್ಬಕ್ಕಿಂತ ಏಕಾದಶಿಯ ಉಪವಾಸದ ಬಗ್ಗೆ ನನಗೆ ಹೆಚ್ಚು ಚಿಂತೆ. ದಿನವಿಡೀ ಹಸಿದು, ಸಂಜೆ ಅವಲಕ್ಕಿ, ಸಬ್ಬಕ್ಕಿ, ಬಾಳೆಹಣ್ಣುಗಳನ್ನು ಫಲಾಹಾರವೆಂದು ತಿಂದರೆ ಮಾಮೂಲಿ ದಿನಕ್ಕಿಂತ ಸಕ್ಕರೆ ಹೆಚ್ಚಾಗಬಹುದು.

ನಡಿಗೆಯ ಬಗ್ಗೆ ಎಲ್ಲರೂ ಹೇಳುವುದು ವಾರಕ್ಕೆ 150 ನಿಮಿಷದ ಲೆಕ್ಕ, ಅದು ಸರಿಯಾದುದೇ. ಆದರೆ ಬೆಳಿಗ್ಗೆ ಮುಕ್ಕಾಲು ಗಂಟೆ ನಡೆದು ಉಳಿದ ದಿನವೆಲ್ಲ ಕುಳಿತಿರುವುದಕ್ಕಿಂತ, ಪ್ರತಿ ಊಟದ ಬಳಿಕ ಹತ್ತು ಹದಿನೈದು ನಿಮಿಷ ನಡೆಯುವುದನ್ನೂ ಸೇರಿಸಿಕೊಂಡರೆ ಊಟದ ನಂತರದ ಸಕ್ಕರೆಯ ಮೇಲೆ ನೇರ ಪರಿಣಾಮ ಕಾಣುತ್ತದೆ. ದುಡಿಯುತ್ತಿರುವ ಸ್ನಾಯು ಇನ್ಸುಲಿನ್‌ನ ಸಹಾಯವಿಲ್ಲದೆಯೂ ರಕ್ತದಿಂದ ಸಕ್ಕರೆಯನ್ನು ಎಳೆದುಕೊಳ್ಳಬಲ್ಲದು. ಆ ಪರಿಣಾಮ ಒಂದೆರಡು ದಿನ ಉಳಿಯುತ್ತದೆ, ಆದುದರಿಂದ ವ್ಯಾಯಾಮಕ್ಕೆ ಸತತ ಎರಡು ದಿನದ ಮೇಲೆ ರಜೆ ಕೊಡಬಾರದು. ನಡಿಗೆಯೊಂದೇ ಸಾಲದು. ವಾರಕ್ಕೆ ಎರಡು ಮೂರು ದಿನ ಸ್ನಾಯುಗಳಿಗೆ ಭಾರ ಕೊಡುವ ವ್ಯಾಯಾಮವೂ ಬೇಕು, ಅದಕ್ಕೆ ಜಿಮ್ಮಿಗೆ ದುಡ್ಡು ಕಟ್ಟಬೇಕಾಗಿಲ್ಲ. ಗೋಡೆಗೆ ಕೈಯೂರಿ ದಂಡ, ಕುರ್ಚಿಯಿಂದ ಕೈ ಹಿಡಿಯದೆ ಏಳುವುದು ಕೂರುವುದು, ಆಮೇಲೆ ಬಸ್ಕಿ, ನೀರು ತುಂಬಿದ ಬಾಟಲಿ ಎತ್ತುವುದು ಸಾಕು. ಸ್ನಾಯು ಬೆಳೆದಷ್ಟೂ ಊಟದ ಸಕ್ಕರೆಗೆ ಹೋಗಲು ಜಾಗ ಹೆಚ್ಚುತ್ತದೆ. ಸೂರ್ಯನಮಸ್ಕಾರ, ಯೋಗಾಸನ ರೂಢಿಯಿದ್ದರೆ ಮುಂದುವರಿಸಿ, ಅವುಗಳಿಂದ ಅನುಕೂಲವಿದೆ. ಆದರೆ ಉಸಿರಾಟವೊಂದೇ ಸಕ್ಕರೆ ಇಳಿಸುತ್ತದೆಂಬ ಮಾತನ್ನು ನಂಬಿ ನಡಿಗೆ ಬಿಡಬೇಡಿ. ಎದೆ ಬಿಗಿತ ಅಥವಾ ಅತಿಯಾದ ಏದುಸಿರು ಇದ್ದರೆ ವ್ಯಾಯಾಮ ಹೆಚ್ಚಿಸುವ ಮೊದಲು ವೈದ್ಯರಿಗೆ ತಿಳಿಸಿ. ನಿದ್ದೆ ಆರೇಳು ಗಂಟೆಗಿಂತ ಕಡಿಮೆಯಾಗದಿರಲಿ. ಬೀಡಿ, ಸಿಗರೇಟು, ಕಡ್ಡಿಪುಡಿಯ ಚಟವಿದ್ದರೆ ಅದನ್ನು ಬಿಡುವುದು ಮೇಲಿನ ಎಲ್ಲಕ್ಕಿಂತ ಮೊದಲ ಕೆಲಸ.

ಇನ್ನು ಮಾತ್ರೆ. ನಿಮ್ಮ ತಕರಾರು ಬೆಳಗಿನ ಸಕ್ಕರೆ ಇಳಿಯುತ್ತಿಲ್ಲವೆಂಬುದು. ಯಕೃತ್ತು ರಾತ್ರಿಯಿಡೀ ಬಿಡುವ ಸಕ್ಕರೆಯನ್ನು ತಗ್ಗಿಸುವುದೇ ಮೆಟ್‌ಫಾರ್ಮಿನ್‌ನ ಮುಖ್ಯ ಕೆಲಸ. ಅಂದರೆ, ನಿಮ್ಮ ದೂರಿಗೆ ಸರಿಯಾದ ಔಷಧಿಯನ್ನೇ ವೈದ್ಯರು ಬರೆದುಕೊಟ್ಟಿದ್ದಾರೆ, ಅದು ಡಬ್ಬಿಯಲ್ಲೇ ಕುಳಿತಿದೆ. ಈ ಔಷಧಿಯನ್ನು 1957ರಲ್ಲಿ ಫ್ರಾನ್ಸಿನಲ್ಲಿ ಮೊದಲು ಬಳಕೆಗೆ ತರಲಾಯಿತು. ಅದರ ಮೂಲ ಯುರೋಪಿನ ಒಂದು ಗಿಡದಲ್ಲಿದ್ದ ರಾಸಾಯನಿಕ. ಇಷ್ಟು ದೀರ್ಘ ಕಾಲ ಕೋಟ್ಯಂತರ ಜನ ಬಳಸಿದ ಮೇಲೂ ಮೊದಲ ಸಾಲಿನ ಮಾತ್ರೆಯಾಗಿ ಉಳಿದಿರುವುದಕ್ಕೆ ಅದರ ಸುರಕ್ಷತೆಯೂ ಕಾರಣ. ಒಂಟಿಯಾಗಿ ತೆಗೆದುಕೊಂಡರೆ ಅದು ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸುವುದು ಅತಿ ವಿರಳ. ಅದು ಕಿಡ್ನಿಯನ್ನು ಹಾಳುಮಾಡುತ್ತದೆಂಬುದು ತಲೆಕೆಳಗಾದ ಮಾತು. ಕಿಡ್ನಿಯನ್ನು ಹಾಳುಮಾಡುವುದು ಹತೋಟಿ ತಪ್ಪಿದ ಸಕ್ಕರೆ ಮತ್ತು ರಕ್ತದೊತ್ತಡ. ಕಿಡ್ನಿಯ ಶಕ್ತಿ ಅದಾಗಲೇ ಕುಂದಿದವರಲ್ಲಿ ಮಾತ್ರೆ ದೇಹದಲ್ಲೇ ಉಳಿದುಬಿಡುವುದೆಂದು ಪ್ರಮಾಣ ಕಡಿಮೆ ಮಾಡುತ್ತೇವೆ ಅಥವಾ ನಿಲ್ಲಿಸುತ್ತೇವೆ. ಹಾಗೆ ನಿಲ್ಲಿಸಿದ್ದನ್ನು ಕಂಡವರು ಮಾತ್ರೆಯಿಂದಲೇ ಕಿಡ್ನಿ ಕೆಟ್ಟಿತೆಂದು ಹೇಳಿಕೊಂಡು ಬಂದಿದ್ದಾರೆ. ಮೊದಲ ವಾರಗಳಲ್ಲಿ ಹೊಟ್ಟೆ ಉಬ್ಬರ, ಭೇದಿ ಆಗಬಹುದು. ಊಟದ ಜೊತೆ ಅಥವಾ ಊಟವಾದ ಕೂಡಲೇ ತೆಗೆದುಕೊಂಡರೆ ಅದು ಕಡಿಮೆಯಾಗುತ್ತದೆ, ಆಗದಿದ್ದರೆ ನಿಧಾನವಾಗಿ ಕರಗುವ ಬಗೆಯ ಮಾತ್ರೆಯನ್ನು ಕೇಳಿ. ವರ್ಷಗಟ್ಟಲೆ ತೆಗೆದುಕೊಳ್ಳುವವರಲ್ಲಿ, ವಿಶೇಷವಾಗಿ ಸಸ್ಯಾಹಾರಿಗಳಲ್ಲಿ, ವಿಟಮಿನ್ ಬಿ12 ಕಡಿಮೆಯಾಗಬಹುದಾದ್ದರಿಂದ ಆಗಾಗ ಅದನ್ನು ಪರೀಕ್ಷಿಸಿಕೊಳ್ಳಬೇಕು.

‘ಒಮ್ಮೆ ಶುರುಮಾಡಿದರೆ ಬಿಡಲಾಗದು’ ಎಂಬುದೂ ಸರಿಯಲ್ಲ. ತೂಕ ಇಳಿದು ಎಚ್‌ಬಿಎ1ಸಿ 6ರ ಆಸುಪಾಸಿಗೆ ಬಂದಾಗ ವೈದ್ಯರೊಡನೆ ಮಾತಾಡಿ ಮಾತ್ರೆಯನ್ನು ಕಡಿಮೆ ಮಾಡಿ, ನಿಲ್ಲಿಸಿ ನೋಡಬಹುದು. ನಿಲ್ಲಿಸಿ ಮೂರು ತಿಂಗಳಾದ ಮೇಲೂ ಅದು 6.5ಕ್ಕಿಂತ ಕೆಳಗಿದ್ದರೆ ಕಾಯಿಲೆ ಶಮನದ ಸ್ಥಿತಿಯಲ್ಲಿದೆ ಎನ್ನಲಾಗುತ್ತದೆ. 2021ರಲ್ಲಿ ಅಂತರರಾಷ್ಟ್ರೀಯ ತಜ್ಞರು ಒಪ್ಪಿದ ವ್ಯಾಖ್ಯೆ ಇದು. ಅದನ್ನು ‘ವಾಸಿಯಾಯಿತು’ ಎನ್ನಲು ನಾನು ಒಪ್ಪುವುದಿಲ್ಲ, ತೂಕ ಮರಳಿದರೆ ಸಕ್ಕರೆಯೂ ಮರಳುತ್ತದೆ. ಇನ್ನೊಂದು ಕಾರಣಕ್ಕಾಗಿಯೂ ಕಾಯುವುದು ಬೇಡ. ಹೊಸದಾಗಿ ಮಧುಮೇಹ ಪತ್ತೆಯಾದ ಐದು ಸಾವಿರಕ್ಕೂ ಹೆಚ್ಚು ಜನರನ್ನು 1977ರಿಂದ ಎರಡು ದಶಕ ಅನುಸರಿಸಿದ ಬ್ರಿಟನ್ನಿನ ದೊಡ್ಡ ಅಧ್ಯಯನದಲ್ಲಿ, ಆರಂಭದ ವರ್ಷಗಳಲ್ಲಿ ಬಿಗಿಯಾದ ಹತೋಟಿಯಲ್ಲಿದ್ದವರಿಗೆ ಅದರ ಲಾಭ ಅಧ್ಯಯನ ಮುಗಿದು ಹತ್ತು ವರ್ಷದ ಮೇಲೂ ಉಳಿದಿತ್ತು. ಆ ವೇಳೆಗೆ ಎರಡು ಗುಂಪುಗಳ ಸಕ್ಕರೆಯಲ್ಲಿ ವ್ಯತ್ಯಾಸವೇ ಇರಲಿಲ್ಲ. ಆದುದರಿಂದ ನನ್ನ ಸಲಹೆ: ಮಾತ್ರೆಯನ್ನು ಇಂದೇ ಆರಂಭಿಸಿ, ಬದಲಾವಣೆಗಳನ್ನೂ ಇಂದೇ ಆರಂಭಿಸಿ, ಮಾತ್ರೆ ಬಿಡುವ ಮಾತನ್ನು ತೂಕ ಇಳಿದ ಮೇಲೆ ಎತ್ತಿ. ಮುಂದೆ ಎಂದಾದರೂ ಇನ್ಸುಲಿನ್ ಹೆಚ್ಚು ಸ್ರವಿಸುವಂತೆ ಮಾಡುವ ಗ್ಲಿಮೆಪಿರೈಡ್‌ನಂಥ ಮಾತ್ರೆ ಸೇರಿದರೆ ನಿಯಮ ಬದಲಾಗುತ್ತದೆ. ಅದನ್ನು ನುಂಗಿ ಊಟ ಬಿಟ್ಟರೆ ಸಕ್ಕರೆ 70ಕ್ಕಿಂತ ಕೆಳಗಿಳಿದು ಬೆವರು, ನಡುಕ, ಮಂಕು ಕವಿಯಬಹುದು. ಆಗ ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು.

ಜೀವನಶೈಲಿಯ ಪರವಾಗಿ ಇಷ್ಟು ಹೇಳಿದ ಮೇಲೆ ಅದರ ಮಿತಿಯನ್ನೂ ಹೇಳಬೇಕು. ಅಮೆರಿಕದಲ್ಲಿ ಐದು ಸಾವಿರಕ್ಕೂ ಹೆಚ್ಚು ಮಧುಮೇಹಿಗಳ ಮೇಲೆ ನಡೆದ ‘ಲುಕ್ ಅಹೆಡ್’ ಅಧ್ಯಯನದಲ್ಲಿ ಊಟ ಮತ್ತು ವ್ಯಾಯಾಮದ ತೀವ್ರ ತರಬೇತಿ ಪಡೆದವರ ತೂಕ, ಸಕ್ಕರೆ, ಚಲನಶಕ್ತಿ ಎಲ್ಲವೂ ಸುಧಾರಿಸಿದವು. ಆದರೆ ಸುಮಾರು ಹತ್ತು ವರ್ಷದ ಬಳಿಕವೂ ಹೃದಯಾಘಾತ, ಪಾರ್ಶ್ವವಾಯುಗಳ ಸಂಖ್ಯೆ ಇನ್ನೊಂದು ಗುಂಪಿಗಿಂತ ಕಡಿಮೆಯಾಗದ ಕಾರಣ 2012ರಲ್ಲಿ ಅದನ್ನು ನಿಲ್ಲಿಸಲಾಯಿತು. ಹೃದಯವನ್ನು ಕಾಯಲು ರಕ್ತದೊತ್ತಡವನ್ನು 130/80ರ ಒಳಗಿಡುವುದು, ಅಗತ್ಯವಿದ್ದರೆ ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ತೆಗೆದುಕೊಳ್ಳುವುದು ಕೂಡ ಅಷ್ಟೇ ಮುಖ್ಯ. ನಲವತ್ತು ದಾಟಿದ ಬಹುತೇಕ ಮಧುಮೇಹಿಗಳಿಗೆ ಸ್ಟ್ಯಾಟಿನ್ ಕೊಡಬೇಕೆಂಬುದು ಈಗಿನ ಮಾರ್ಗಸೂಚಿ, ನಿಮ್ಮ ವೈದ್ಯರನ್ನು ಇದರ ಬಗ್ಗೆ ಕೇಳಿ.

ನಿಮ್ಮ ತಾಯಿಯವರ ಕಾಲಿನ ವಿಚಾರಕ್ಕೆ ಬರುತ್ತೇನೆ. ಬೆರಳು ಕಳೆದುಕೊಳ್ಳುವುದು ಸಾಮಾನ್ಯವಾಗಿ ಒಂದೇ ದಿನದ ಘಟನೆಯಲ್ಲ. ಹಲವು ವರ್ಷ ಸಕ್ಕರೆ ಹೆಚ್ಚಿದ್ದು ನರಗಳ ಸ್ಪರ್ಶಜ್ಞಾನ ಹೋಗುತ್ತದೆ, ರಕ್ತಸಂಚಾರ ಕುಂದುತ್ತದೆ, ಚಪ್ಪಲಿ ಕಚ್ಚಿದ್ದೋ ಮುಳ್ಳು ಚುಚ್ಚಿದ್ದೋ ಗೊತ್ತಾಗದೆ ಗಾಯ ಕೀವಾಗುತ್ತದೆ. ಈ ಸರಪಳಿಯನ್ನು ಯಾವ ಹಂತದಲ್ಲಾದರೂ ತುಂಡರಿಸಬಹುದು, ನೀವಿರುವುದು ಇನ್ನೂ ಆರಂಭದಲ್ಲಿ. ಹತ್ತು ಗ್ರಾಂ ಒತ್ತಡದ ನೈಲಾನ್ ಎಳೆಯಿಂದ ಪಾದದ ಸ್ಪರ್ಶಜ್ಞಾನವನ್ನು ನೋಡುವ ಸರಳ ಪರೀಕ್ಷೆಯನ್ನು ವರ್ಷಕ್ಕೊಮ್ಮೆ ಮಾಡಿಸಿ. ರಾತ್ರಿ ಮಲಗುವ ಮುನ್ನ ಅಂಗಾಲು, ಬೆರಳ ಸಂದುಗಳನ್ನು ದೀಪದ ಬೆಳಕಿನಲ್ಲಿ ನೋಡಿಕೊಳ್ಳಿ. ಬೇಸಿಗೆಯ ಮಧ್ಯಾಹ್ನ ದೇವಸ್ಥಾನದ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕಿ ಅಂಗಾಲು ಬೊಬ್ಬೆಯೆದ್ದದ್ದೇ ತಿಳಿಯದವರನ್ನು ನಾವು ಪ್ರತಿವರ್ಷ ನೋಡುತ್ತೇವೆ. ಬೆಳಿಗ್ಗೆಯೋ ಸಂಜೆಯೋ ಹೋಗಿ, ದೇವರು ಬೇಸರಿಸಿಕೊಳ್ಳುವುದಿಲ್ಲ. ಕಣ್ಣಿನ ಪಾಪೆ ಹಿಗ್ಗಿಸಿ ಅಕ್ಷಿಪಟಲ ನೋಡುವ ಪರೀಕ್ಷೆಯನ್ನು ಮುಂದೂಡಬೇಡಿ. ಎರಡನೇ ಬಗೆಯ ಮಧುಮೇಹ ಪತ್ತೆಯಾಗುವ ಮೊದಲೇ ಕೆಲವು ವರ್ಷ ಸದ್ದಿಲ್ಲದೆ ಇರುತ್ತದಾದ್ದರಿಂದ ಮೊದಲ ದಿನವೇ ಕಣ್ಣಿನಲ್ಲಿ ಬದಲಾವಣೆ ಇರುವವರುಂಟು. ಕಿಡ್ನಿಯ ಸ್ಥಿತಿ ತಿಳಿಸುವ ಮೂತ್ರದ ಆಲ್ಬುಮಿನ್ ಮತ್ತು ರಕ್ತದ ಕ್ರಿಯಾಟಿನಿನ್, ಕೊಲೆಸ್ಟರಾಲ್ ಪರೀಕ್ಷೆಗಳೂ ಈಗಲೇ ಆಗಲಿ. ತಾಲ್ಲೂಕು ಆಸ್ಪತ್ರೆಗಳ ಅಸಾಂಕ್ರಾಮಿಕ ರೋಗಗಳ ಘಟಕದಲ್ಲಿ ಸಕ್ಕರೆ, ರಕ್ತದೊತ್ತಡಗಳ ತಪಾಸಣೆಯೂ ಮೆಟ್‌ಫಾರ್ಮಿನ್ ಮಾತ್ರೆಯೂ ಉಚಿತವಾಗಿ ಸಿಗುತ್ತವೆ. ಒಡಹುಟ್ಟಿದವರಿದ್ದರೆ ಅವರನ್ನೂ ಕರೆದುಕೊಂಡು ಹೋಗಿ, ತಾಯಿಗೆ ಕಾಯಿಲೆಯಿದ್ದ ಮೇಲೆ ಅವರಿಗೂ ತಪಾಸಣೆ ಅಗತ್ಯ.

ಮನೆಯಲ್ಲಿ ಗ್ಲುಕೋಮೀಟರ್ ಇಟ್ಟುಕೊಂಡರೆ ಅನುಕೂಲ, ಆದರೆ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯ ಅಂಕಿ ನೋಡಿ ಕೊರಗುವುದಕ್ಕಲ್ಲ. ವಾರದಲ್ಲಿ ಎರಡು ದಿನ ಒಂದು ಊಟಕ್ಕೆ ಮುಂಚೆ, ಅದೇ ಊಟವಾದ ಎರಡು ಗಂಟೆಗೆ ನೋಡಿ ಬರೆದಿಡಿ: ಒಂದು ವಾರ ತಿಂಡಿಗೆ, ಮುಂದಿನ ವಾರ ಮಧ್ಯಾಹ್ನದ ಊಟಕ್ಕೆ. ಎರಡು ಮುದ್ದೆ ಎಷ್ಟು ಏರಿಸಿತು, ಒಂದು ಚಿಕ್ಕ ಮುದ್ದೆ ಮತ್ತು ಒಂದು ಬಟ್ಟಲು ಕಾಳುಪಲ್ಯ ಎಷ್ಟು ಏರಿಸಿತು ಎಂಬುದು ನಿಮ್ಮ ಬೆರಳ ತುದಿಯಲ್ಲೇ ತಿಳಿಯುತ್ತದೆ; ಆಮೇಲೆ ನೆಂಟರ ಸಲಹೆ ಬೇಕಾಗುವುದಿಲ್ಲ. ನಿಮ್ಮ ವಯಸ್ಸಿನವರಿಗೆ ಸಾಮಾನ್ಯವಾಗಿ ಖಾಲಿ ಹೊಟ್ಟೆಯಲ್ಲಿ 80ರಿಂದ 130, ಊಟದ ನಂತರ 180ರ ಒಳಗೆ, ಎಚ್‌ಬಿಎ1ಸಿ 7ರ ಒಳಗೆ ಇರಬೇಕು. ಯಾವ ಪ್ರಯತ್ನವೂ ಇಲ್ಲದೆ ತೂಕ ಬೇಗಬೇಗ ಇಳಿದರೆ, ತಡೆಯಲಾಗದ ಬಾಯಾರಿಕೆ, ವಾಂತಿ, ಸುಸ್ತು ಕಂಡರೆ, ಸಕ್ಕರೆ ಪದೇ ಪದೇ 300 ದಾಟಿದರೆ ಅದು ಕಾಯುವ ಸಂದರ್ಭವಲ್ಲ, ಅಂದೇ ವೈದ್ಯರ ಬಳಿ ಹೋಗಬೇಕು.

ನಿಮಗೆಂದು ಬೇರೆ ಅಡುಗೆ ಮಾಡಿಸಬೇಡಿ. ಮೇಲೆ ಹೇಳಿದ ತಟ್ಟೆ ಮನೆಯ ಎಲ್ಲರಿಗೂ ಒಳ್ಳೆಯದೇ, ಬೇರೆ ಪಾತ್ರೆಯಲ್ಲಿ ಬೆಂದ ಊಟವನ್ನು ಯಾರೂ ಬಹಳ ದಿನ ಉಣ್ಣಲಾರರು. ಮೂರು ತಿಂಗಳ ಬಳಿಕ ಎಚ್‌ಬಿಎ1ಸಿಯನ್ನು ಮತ್ತೆ ಮಾಡಿಸಿ. ಅದು ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ತೋರಿಸುವುದರಿಂದ ಅದಕ್ಕೆ ಮೊದಲು ಮಾಡಿಸಿ ಪ್ರಯೋಜನವಿಲ್ಲ. ಕಬ್ಬಿಣದ ಕೊರತೆಯ ರಕ್ತಹೀನತೆಯಿದ್ದರೆ ಅದು ಇರುವುದಕ್ಕಿಂತ ಹೆಚ್ಚು ತೋರಿಸಬಹುದು, ಆದುದರಿಂದ ಜೊತೆಗೆ ಹಿಮೊಗ್ಲೋಬಿನ್ ಕೂಡ ನೋಡಿಸಿ. ಅಂದು ವೈದ್ಯರ ಬಳಿಗೆ ಹೋಗುವಾಗ ಗ್ಲುಕೋಮೀಟರಿನ ಪುಸ್ತಕ, ತೂಕ ಮತ್ತು ಸೊಂಟದ ಅಳತೆಯ ಚೀಟಿ, ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆ ಹಾಗೂ ಪುಡಿಗಳನ್ನು ತೆಗೆದುಕೊಂಡು ಹೋಗಿ. ಹಾಗಲಕಾಯಿ ರಸವನ್ನು ಮುಂದುವರಿಸಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ.